ಮನೆಗೊಂದು ಹುಣಸೆ ಮರ: ಸಸಿ ನೆಡುವುದರಿಂದ ಜಾಡಿ ತುಂಬುವವರೆಗೆ

ಹಿತ್ತಲಿಗೊಂದು ಹುಣಸೆ ಗಿಡ ಬೇಕು ಎಂದು ಹೊರಟವರು, ಸಸಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ಮೊದಲು ತಮ್ಮ ಊರಿನ ಮಳೆ ನೋಡಬೇಕು. ಇಲ್ಲಿ ಹೇಳುವುದು ಹಾಸನ, ಚಿಕ್ಕಮಗಳೂರಿನ ಮಾತು; ಎರಡೂ ಅರ್ಧ ಮಲೆನಾಡು, ಅರ್ಧ ಬಯಲುಸೀಮೆಯ ಜಿಲ್ಲೆಗಳು. ಚಿಕ್ಕಮಗಳೂರಿನಲ್ಲಿ ಕಡೂರಿನ ಬಸ್ಸು ಹತ್ತಿದರೆ ಸುಮಾರು 40 ಕಿಲೋಮೀಟರ್ ದಾರಿಯಲ್ಲೇ ಕಾಫಿ ತೋಟ, ಸಿಲ್ವರ್ ಓಕ್ ಹಿಂದೆ ಉಳಿದು ತೆಂಗು, ರಾಗಿ ಹೊಲ ಎದುರಾಗುತ್ತವೆ. ಸಕಲೇಶಪುರದಿಂದ ಹಾಸನ ದಾಟಿ ಅರಸೀಕೆರೆಗೆ ಹೋದರೂ ಅಷ್ಟೇ. ಹುಣಸೆಗೆ ಒಗ್ಗುವುದು ಈ ಪೂರ್ವದ ಮಗ್ಗುಲು: ಕಡೂರು, ಅಜ್ಜಂಪುರ, ತರೀಕೆರೆಯ ಬಯಲು ಭಾಗ, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ. ವರ್ಷಕ್ಕೆ 600–700 ಮಿಲಿಮೀಟರ್ ಮಳೆ ಬೀಳುವ ಕಡೆಯಲ್ಲೂ ಈ ಮರ ನೀರು ಕೇಳದೆ ನಿಲ್ಲುತ್ತದೆ, ಕೆಂಪು ಮರಳುಮಿಶ್ರಿತ ನೆಲದಲ್ಲಿ ಆಳಕ್ಕೆ ಬೇರು ಬಿಡುತ್ತದೆ.

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಮಳೆ 2000 ಮಿಲಿಮೀಟರ್ ದಾಟುತ್ತದೆ. ಅಲ್ಲಿ ಮರವೇನೋ ಬೆಳೆಯುತ್ತದೆ, ಎಲೆ ದಟ್ಟವಾಗುತ್ತದೆ, ನೆರಳು ಬೀಳುತ್ತದೆ. ಹಣ್ಣು ಮಾತ್ರ ಹೆಸರಿಗೆ. ಹುಣಸೆ ಹೂ ಬಿಡುವುದು ಮೇ ತಿಂಗಳಿನಿಂದ ಜುಲೈ ನಡುವೆ. ಅದೇ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಹೂ ಉದುರುತ್ತದೆ, ಜೇನುನೊಣ ಗೂಡು ಬಿಟ್ಟು ಹೊರಡುವುದಿಲ್ಲ, ಅಷ್ಟಿಷ್ಟು ಕಚ್ಚಿದ ಕಾಯಿಗೂ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ಹುಳಿಗೆ ಉಪ್ಪಾಗೆ, ಮುರುಗಲು, ಅಮಟೆ, ವಾಟೆ ಬಳಕೆಯಾದದ್ದು ಸುಮ್ಮನೆ ಅಲ್ಲ. ಆ ಭಾಗದಲ್ಲಿ ಮನೆ ಇದ್ದವರಿಗೆ ನನ್ನ ಸಲಹೆ ನೇರವಾಗಿದೆ: ಹಣ್ಣಿಗಾಗಿ ಹುಣಸೆ ನೆಡಬೇಡಿ, ಒಂದು ಮುರುಗಲು ನೆಡಿ. ಹುಣಸೆ ಚಿಗುರು ಬೇಕಿದ್ದರೆ ಕುಂಡದಲ್ಲಿ ಬೆಳೆಯಬಹುದು, ಅದನ್ನು ಮುಂದೆ ಹೇಳುತ್ತೇನೆ.

ಬೇಲೂರು, ಆಲೂರು, ಹಾಸನ ನಗರ, ಚಿಕ್ಕಮಗಳೂರು ನಗರದಂಥ ನಡುವಿನ ಜಾಗಗಳಲ್ಲಿ ಉತ್ತರ ಅಷ್ಟು ಸುಲಭವಲ್ಲ. ಅಲ್ಲಿಗೊಂದು ಪರೀಕ್ಷೆ ಇದೆ. ನಿಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಹಳೆಯ ಹುಣಸೆ ಮರ ಹುಡುಕಿ. ರಸ್ತೆ ಬದಿಯ ಸಾಲುಮರವಾದರೂ ಸರಿ, ದೇವಸ್ಥಾನದ ಹಿಂದಿನದಾದರೂ ಸರಿ. ಅದರ ಅಕ್ಕಪಕ್ಕದವರನ್ನು ಕೇಳಿ: ಕಳೆದ ಐದು ವರ್ಷಗಳಲ್ಲಿ ಎಷ್ಟು ವರ್ಷ ಹಣ್ಣು ಬಡಿದಿದ್ದೀರಿ? ಮೂರು ಎಂದರೆ ಧೈರ್ಯವಾಗಿ ನೆಡಿ. ಒಂದೇ ಎಂದರೆ ಆ ಜಾಗಕ್ಕೆ ಬೇರೆ ಗಿಡ ಯೋಚಿಸಿ.

ಬೀಜವೋ, ಕಸಿಯೋ

ಬೀಜದ ಗಿಡ ಹಣ್ಣು ಕೊಡಲು ಎಂಟರಿಂದ ಹತ್ತು ವರ್ಷ ಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಕೊಡುತ್ತದೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಹುಣಸೆಯಲ್ಲಿ ಪರಾಗಸ್ಪರ್ಶ ಬಹುಮಟ್ಟಿಗೆ ಬೇರೆ ಮರದಿಂದ ಆಗುವುದರಿಂದ, ಎಂಥ ಒಳ್ಳೆಯ ಮರದ ಬೀಜ ತಂದರೂ ಮಗಳು ತಾಯಿಯಂತೆ ಇರುತ್ತಾಳೆ ಎಂದು ಹೇಳಲಾಗದು. ತಿರುಳು ತೆಳುವಾಗಬಹುದು, ಕಾಯಿ ಕುಳ್ಳಾಗಬಹುದು. ಹತ್ತು ವರ್ಷ ಕಾದ ಮೇಲೆ ಅದು ಗೊತ್ತಾಗುವುದು ಯಾರಿಗೂ ಹಿತವಲ್ಲ. ಅದಕ್ಕೇ ಮನೆಗೆ ಒಂದೇ ಮರ ಸಾಕು ಎನ್ನುವವರು ಕಸಿಯನ್ನೇ ತರಬೇಕು. ಬೀಜ ಹಾಕುವುದಾದರೆ ಹೊಲದ ಬದು, ಗೋಮಾಳದ ಅಂಚಿನಂಥ ಕಡೆ ಹಾಕಿ. ಮೊಮ್ಮಕ್ಕಳ ಕಾಲಕ್ಕೆ ಇರಲಿ ಎಂಬ ಲೆಕ್ಕದಲ್ಲಿ. ಆ ಲೆಕ್ಕ ತಪ್ಪೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿನಲ್ಲಿ ಶತಮಾನಗಳ ಮರಗಳು ಇವತ್ತಿಗೂ ನಿಂತಿವೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ತಳಿಗಳಲ್ಲಿ ಹೆಚ್ಚು ಕೇಳಿಬರುವುದು ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1. ಬೇಗ ಫಲಕ್ಕೆ ಬರುತ್ತದೆ, ಮರ ತೀರಾ ಎತ್ತರಕ್ಕೆ ಹೋಗುವುದಿಲ್ಲ. ಉದ್ದನೆಯ ಕಾಯಿಯ ಉರಿಗಂ, ಧಾರವಾಡದ ಡಿಟಿಎಸ್ ಆಯ್ಕೆಗಳೂ ಇವೆ. ನರ್ಸರಿಯವರು ಸಿಹಿ ಹುಣಸೆ ಎಂದು ತೋರಿಸುವ ಗಿಡವನ್ನು ಸಾರಿಗಾಗಿ ಕೊಳ್ಳಬೇಡಿ. ಅದು ಬಾಯಿಗೆ ಹಾಕಿಕೊಳ್ಳಲು ಚೆನ್ನ, ಪುಳಿಯೋಗರೆಗೆ ಬಾರದು. ಎಲೆಯ ಬುಡದಲ್ಲಿ ಮುಳ್ಳು ಕಂಡರೆ ಅದು ಸೀಮೆ ಹುಣಸೆ, ಬೇರೆಯೇ ಮರ. ತಳಿಯ ಹೆಸರಿನ ಮೇಲೆ ಅನುಮಾನ ಬಂದರೆ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರ, ಹಾಸನ ಬಳಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯ, ಇಂಥ ಕಡೆ ಕೇಳಿಕೊಂಡೇ ಮುಂದುವರಿಯಿರಿ.

ಊರಿನಲ್ಲೇ ಒಂದು ಹೆಸರುವಾಸಿ ಮರ ಇದ್ದರೆ ಯಾವ ತಳಿಯ ಹೆಸರೂ ಬೇಡ, ಅದರ ಕಡ್ಡಿಯನ್ನೇ ಕಸಿ ಮಾಡಿ. ನನ್ನ ಒಲವು ಇದರ ಕಡೆಗೇ. ಆ ಮರ ನಿಮ್ಮ ಮಣ್ಣು, ನಿಮ್ಮ ಮಳೆ ಎರಡನ್ನೂ ಜಯಿಸಿ ನಿಂತಿರುತ್ತದೆ.

ಅದಕ್ಕೆ ಮೊದಲು ಬೇರುಸಸಿ, ಅಂದರೆ ಕಸಿ ಕಟ್ಟಲು ಬೀಜದಿಂದ ಬೆಳೆಸಿದ ಸಸಿ, ಬೇಕು. ಹೊಸ ಹಣ್ಣಿನ ದಪ್ಪ ಬೀಜ ಆರಿಸಿ, ಅಂಚನ್ನು ಒರಟು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ. ಚೌಕಾಬಾರಕ್ಕೆ ಬೀಜ ಉಜ್ಜಿದಷ್ಟು ಬೇಡ, ಹೊಳಪಿನ ಸಿಪ್ಪೆ ಒಂದು ಕಡೆ ಹರಿದರೆ ಸಾಕು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಬೆರಳ ಗಿಣ್ಣಿನಷ್ಟು ಆಳಕ್ಕೆ ಬಿತ್ತಿ. ಹುಣಸೆ ಮೊದಲು ಇಳಿಸುವುದು ತಾಯಿಬೇರು. ಆದ್ದರಿಂದ ಗಿಡ್ಡ ಚೀಲ ಬೇಡ, ಒಂದು ಅಡಿ ಉದ್ದದ ಪಾಲಿಥೀನ್ ಚೀಲ ತೆಗೆದುಕೊಳ್ಳಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ, ಕೆಲವು ಬೀಜ ಇನ್ನೂ ಸೋಮಾರಿ. ಎಂಟು ಹತ್ತು ತಿಂಗಳಲ್ಲಿ ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದರೆ ಕಸಿಗೆ ಸಿದ್ಧ.

ಕಸಿಯ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್, ತಾಯಿಮರ ಎಲೆ ಉದುರಿಸಿ ಹೊಸ ಚಿಗುರಿಗೆ ಅಣಿಯಾಗುವ ಹೊತ್ತು. ಆರಿಸಿದ ಕಡ್ಡಿಯ ಎಲೆಗಳನ್ನು ಒಂದು ವಾರ ಮೊದಲೇ ಮರದ ಮೇಲಿರುವಂತೆಯೇ ಕತ್ತರಿಸಿಬಿಡಿ, ಎಲೆಯ ತೊಟ್ಟು ಮಾತ್ರ ಉಳಿಯಲಿ. ಮೊಗ್ಗು ಉಬ್ಬಿ, ತೊಟ್ಟು ಮುಟ್ಟಿದರೆ ಬೀಳುವಂತಾದಾಗ ಒಂದು ಗೇಣಿಗಿಂತ ಕಡಿಮೆ ಉದ್ದದ ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಬೇರುಸಸಿಯ ತುದಿಯನ್ನು ಕಾಂಡ ಇನ್ನೂ ಎಳಸಾಗಿರುವ ಕಡೆ ಅಡ್ಡಕ್ಕೆ ತೆಗೆದು, ನಡುವೆ ಒಂದೂವರೆ ಅಂಗುಲ ಸೀಳಿ. ಕಸಿಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಅಷ್ಟೇ ಉದ್ದಕ್ಕೆ ಬೆಣೆಯಂತೆ ಕೆತ್ತಿ. ಒಂದೇ ಎಳೆತಕ್ಕೆ ನಯವಾಗಿ ಬರಬೇಕು, ಗೀರಿ ಗೀರಿ ಕೆತ್ತಿದ ಬೆಣೆ ಕೂರುವುದಿಲ್ಲ. ಎರಡೂ ಒಂದೇ ದಪ್ಪ ಇಲ್ಲದಿದ್ದರೆ ನಡುವೆ ಕೂರಿಸುವ ಆಸೆ ಬಿಟ್ಟು ಒಂದು ಪಕ್ಕದ ತೊಗಟೆಗೆ ತೊಗಟೆ ಸರಿಯಾಗಿ ತಾಗುವಂತೆ ಇಡಿ. ಬೆಸೆಯುವುದು ತೊಗಟೆಯ ಒಳಗಿನ ಹಸಿರು ಪದರವೇ ಹೊರತು ಮರವಲ್ಲ. ಪಾಲಿಥೀನ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಕೊಳವೆ ಹಾಕಿ ಕೆಳಗೆ ಕಟ್ಟಿ, ನೆರಳಿನಲ್ಲಿಡಿ. ಮೂರು ನಾಲ್ಕು ವಾರದಲ್ಲಿ ಕೊಳವೆಯೊಳಗೆ ಚಿಗುರು ಕಂಡರೆ ಕೊಳವೆ ತೆಗೆಯಿರಿ, ಪಟ್ಟಿ ಬಿಚ್ಚಲು ಆತುರ ಬೇಡ. ಎಲ್ಲ ಕಸಿಯೂ ಹತ್ತುವುದಿಲ್ಲ. ಒಂದು ಗಿಡ ಬೇಕಿದ್ದರೆ ಆರು ಸಸಿಗೆ ಕಟ್ಟಿ.

ಜಾಗ ಮತ್ತು ಗುಂಡಿ

ಕಸಿ ಗಿಡಕ್ಕೂ ಎಲ್ಲ ದಿಕ್ಕಿಗೆ 20ರಿಂದ 25 ಅಡಿ ಜಾಗ ಬೇಕು. ಬೀಜದ ಮರವಾದರೆ 30 ಅಡಿಗೂ ಮೇಲೆ. ಸೈಟಿನ ಕಾಂಪೌಂಡ್ ಮೂಲೆಯಲ್ಲಿ ನೆಟ್ಟು, ಹದಿನೈದು ವರ್ಷದ ನಂತರ ಪಕ್ಕದ ಮನೆಯವರ ಜೊತೆ ಮಾತು ಬಿಡುವ ಸ್ಥಿತಿ ತಂದುಕೊಳ್ಳಬೇಡಿ. ವಿದ್ಯುತ್ ತಂತಿಯ ಕೆಳಗೆ, ಬಾವಿ ಅಥವಾ ಸಂಪಿನ ಪಕ್ಕ, ಹೆಂಚಿನ ಮಾಡಿನ ಮೇಲೆ ಕೊಂಬೆ ಬರುವಂತೆ ಯಾವತ್ತೂ ಬೇಡ. ಸಣ್ಣ ಎಲೆ ವರ್ಷವಿಡೀ ಉದುರಿ ಮಾಡಿನ ನೀರು ಹರಿಯುವ ದೋಣಿ ಕಟ್ಟಿಕೊಳ್ಳುತ್ತದೆ. ಹುಣಸೆಯಡಿ ರಾತ್ರಿ ಮಲಗಬಾರದು, ದೆವ್ವ ಇರುತ್ತದೆ ಎನ್ನುತ್ತಾರೆ. ದೆವ್ವದ ವಿಷಯ ನನಗೆ ಬೇಡ, ಅದರ ದಟ್ಟ ನೆರಳಿನಲ್ಲಿ ತರಕಾರಿ ಮಡಿ ಮಾಡುವ ಆಸೆಯನ್ನಂತೂ ಬಿಟ್ಟುಬಿಡಿ. ನೀರು ನಿಲ್ಲುವ ತಗ್ಗಿನಲ್ಲೂ ನೆಡಬಾರದು.

ಗುಂಡಿಯನ್ನು ಏಪ್ರಿಲ್, ಮೇ ತಿಂಗಳಲ್ಲೇ ಮೂರಡಿ ಉದ್ದ, ಅಗಲ, ಆಳಕ್ಕೆ ತೆಗೆದು ಬಿಸಿಲಿಗೆ ಬಿಡಿ. ಅರಸೀಕೆರೆ, ಕಡೂರಿನ ಕೆಲವು ಕಡೆ ಎರಡಡಿ ಕೆಳಗೆ ಗಟ್ಟಿ ಜಲ್ಲಿ ಸಿಗುತ್ತದೆ. ಹಾರೆ ಹಾಕಿ ಅದನ್ನು ಒಡೆಯದೆ ಬಿಟ್ಟರೆ ಗಿಡ ಅಲ್ಲಿಗೇ ನಿಲ್ಲುತ್ತದೆ. ಮೇಲ್ಮಣ್ಣು, ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲಿಗಾಗಿ ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜೂನ್‌ನಲ್ಲಿ ಒಂದೆರಡು ಹದ ಮಳೆಯಾಗಿ ಗುಂಡಿಯ ಮಣ್ಣು ಕುಸಿದು ಕುಳಿತ ಮೇಲೆ ನೆಡಿ. ಕಸಿಯ ಗಂಟು ನೆಲದಿಂದ ಗೇಣು ಮೇಲಿರಲಿ. ಬುಡದ ಸುತ್ತ ಮಣ್ಣನ್ನು ತುಸು ಏರಿಸಿ, ಆಚೆಗೆ ಪಾತಿ ಮಾಡಿ. ನೀರು ಕಾಂಡಕ್ಕೆ ತಾಗದೆ ಬೇರಿಗೆ ಹೋಗಬೇಕು. ಕೋಲು ನೆಟ್ಟು ಸಡಿಲವಾಗಿ ಕಟ್ಟಿ.

ಮೊದಲ ಐದು ವರ್ಷ

ನೆಟ್ಟ ಗಿಡಕ್ಕೆ ಮೊದಲ ಶತ್ರು ಆಡು. ಹುಣಸೆ ಸೊಪ್ಪು ಕಂಡರೆ ಅದು ಬೇಲಿ ಲೆಕ್ಕಕ್ಕಿಡುವುದಿಲ್ಲ. ಆಳೆತ್ತರ ದಾಟುವವರೆಗೆ ಜಾಲಿ ಮುಳ್ಳು ಒತ್ತಾಗಿ ಕಟ್ಟಬೇಕು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು, ಬುಡಕ್ಕೆ ತೆಂಗಿನ ಗರಿಯ ಅಥವಾ ಒಣ ಹುಲ್ಲಿನ ಹೊದಿಕೆ. ಮೂರನೆಯ ವರ್ಷದಿಂದ ನೀರು ಬೇಡ. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಿ; ಬಿಟ್ಟರೆ ಅದೇ ಮರವಾಗುತ್ತದೆ, ಕಸಿ ಕಡ್ಡಿ ಸೊರಗುತ್ತದೆ. ನಾಲ್ಕಡಿಯವರೆಗೆ ಕಾಂಡ ಬೋಳಾಗಿರಲಿ, ಅಲ್ಲಿಂದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಕೊಂಬೆ ಬಿಡಿ. ಫಲಕ್ಕೆ ಬಂದ ಮರಕ್ಕೆ ವರ್ಷಕ್ಕೊಮ್ಮೆ ಮುಂಗಾರಿನ ಮೊದಲು 25 ಕೆಜಿ ಕೊಟ್ಟಿಗೆ ಗೊಬ್ಬರ, 2 ಕೆಜಿ ಬೇವಿನ ಹಿಂಡಿಯನ್ನು ಕೊಂಬೆಯ ತುದಿಯ ನೆರಳು ಬೀಳುವ ಜಾಗದಲ್ಲಿ ಸುತ್ತ ಕೊಡಿ. ಬುಡಕ್ಕೆ ಸುರಿದ ಗೊಬ್ಬರದಿಂದ ಮರಕ್ಕೆ ಅಂಥ ಪ್ರಯೋಜನ ಇಲ್ಲ.

ಒಂದು ವರ್ಷ ಮೈತುಂಬ ಬಿಟ್ಟ ಮರ ಮರುವರ್ಷ ಕೈಕೊಡುವುದು ಹುಣಸೆಯ ಗುಣ. ಅದಕ್ಕೆ ಯಾರಾದರೂ ಔಷಧಿ ಮಾರಲು ಬಂದರೆ ಕೊಳ್ಳಬೇಡಿ.

ಕುಂಡದಲ್ಲಿ ಚಿಗುರು

ಮಲೆನಾಡಿನವರಿಗೆ, ಹಾಸನದ ಬಾಡಿಗೆ ಮನೆಯವರಿಗೆ ಇದು. ಅಗಲ ಬಾಯಿಯ ಕುಂಡದಲ್ಲಿ ಮಣ್ಣು, ಮರಳು, ಗೊಬ್ಬರ ಸಮ ತುಂಬಿ, ನೆನೆಸಿದ ಬೀಜವನ್ನು ಮೆಂತ್ಯ ಬಿತ್ತಿದಂತೆ ಒತ್ತಾಗಿ ಬಿತ್ತಿ. ಗಿಡ ಒಂದಡಿ ಬಂದಾಗಿನಿಂದ ತುದಿ ಚಿವುಟುತ್ತಿದ್ದರೆ ಪಕ್ಕದಿಂದ ಚಿಗುರು ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಸೂರಿನ ಕೆಳಗಿಡಿ, ಎಲೆಯ ಮೇಲೆ ಬಿಳಿ ಬೂದಿ ಬಂದ ಗಿಡ ಕಿತ್ತುಹಾಕಿ. ಕೆಂಪು ಹೊಡೆಯುವ ಎಳೆ ಚಿಗುರು ಒಂದು ಹಿಡಿ, ಬೆಂದ ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಸೇರಿದರೆ ರಾಗಿ ಮುದ್ದೆಗೆ ಸಾರು ಆಯಿತು. ಬೇರೆ ಹುಳಿ ಹಾಕುವಂತಿಲ್ಲ.

ಎಳೆಕಾಯಿಯ ತೊಕ್ಕು

ದೊಡ್ಡ ಮರದಲ್ಲಿ ಹೂವಿನಿಂದ ಹಣ್ಣಿಗೆ ಎಂಟು ಹತ್ತು ತಿಂಗಳು. ಆದರೆ ಅಡುಗೆಮನೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಬೇಸಿಗೆಯಲ್ಲಿ ಚಿಗುರು, ದಸರೆಯ ನಂತರ ಬೀಜ ಗಟ್ಟಿಯಾಗದ ಎಳೆಕಾಯಿ, ಸಂಕ್ರಾಂತಿಯ ಹಿಂದೆಮುಂದೆ ಮಕ್ಕಳು ಉಪ್ಪು ಸವರಿ ತಿನ್ನುವ ದೋರೆಕಾಯಿ. ಕೋತಿಗಳೂ ದೋರೆಯ ಹೊತ್ತಿಗೇ ಬರುತ್ತವೆ, ಅವುಗಳ ಕ್ಯಾಲೆಂಡರ್ ನಮ್ಮದಕ್ಕಿಂತ ಕರಾರುವಾಕ್ಕು.

ತೊಕ್ಕಿಗೆ ಉಗುರು ಹಾಕಿದರೆ ಬೀಜದವರೆಗೂ ಸುಲಭವಾಗಿ ಇಳಿಯುವ ಕಾಯಿಯೇ ಬೇಕು. ಒಂದು ಕೆಜಿ ಕಾಯಿ ತೊಳೆದು, ಬಟ್ಟೆಯ ಮೇಲೆ ನೀರು ಪೂರ್ತಿ ಆರುವವರೆಗೆ ಹರಡಿ. ಕಾಲು ಕೆಜಿ ಹಸಿಮೆಣಸಿನಕಾಯಿ, 200 ಗ್ರಾಂ ಕಲ್ಲುಪ್ಪು, ಎರಡು ಚಮಚ ಅರಿಶಿನ ಸೇರಿಸಿ ಒರಳಿನಲ್ಲಿ ತರಿತರಿಯಾಗಿ ಕುಟ್ಟಿ ಜಾಡಿಗೆ ತುಂಬಿ. ಮೂರು ದಿನ ಬಿಟ್ಟು ತೆಗೆದರೆ ಕಾಯಿ ಮೆತ್ತಗಾಗಿ ನಾರು ತಾನಾಗಿ ಬಿಡಿಸಿಕೊಂಡಿರುತ್ತದೆ. ನಾರು, ಬೀಜದ ಚೂರು ಆರಿಸಿ, ಹುರಿದ ಮೆಂತ್ಯದ ಪುಡಿ ಎರಡು ಚಮಚ ಹಾಕಿ ಮತ್ತೆ ನುಣ್ಣಗೆ ಕುಟ್ಟಿ. ಒದ್ದೆ ಚಮಚ ತಾಗದಿದ್ದರೆ ವರ್ಷ ಇರುತ್ತದೆ. ತಿನ್ನುವಾಗ ಬೇಕಾದಷ್ಟು ತೆಗೆದುಕೊಂಡು ಇಂಗಿನ ಒಗ್ಗರಣೆ ಕೊಡಿ, ಇಡೀ ಜಾಡಿಗೆ ಬೇಡ.

ಹಣ್ಣು ಬಡಿಯುವುದು, ಒಣಗಿಸುವುದು, ತುಂಬಿಡುವುದು

ಜನ ಎಡವುವುದು ಬೆಳೆಯುವುದರಲ್ಲಿ ಅಲ್ಲ, ಇಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಲೆಕ್ಕ. ದಿನಕ್ಕೆ 20 ಗ್ರಾಂ ಬಳಸುವ ಮನೆಗೆ ವರ್ಷಕ್ಕೆ 7 ಕೆಜಿಯ ಆಸುಪಾಸು ಬೀಜ ತೆಗೆದ ಹುಣಸೆ ಸಾಕು. ಒಂದು ಕ್ವಿಂಟಲ್ ಹಣ್ಣು ಬಿಡುವ ಮರದಿಂದ ಸಿಪ್ಪೆ, ನಾರು, ಬೀಜ ಕಳೆದು 40 ಕೆಜಿ ತಿರುಳು ಸಿಕ್ಕರೆ ಅದು ಐದು ಮನೆಯ ಪಾಲು. ಪ್ರಾಯಕ್ಕೆ ಬಂದ ಒಳ್ಳೆಯ ಮರ ಇನ್ನೂ ಹೆಚ್ಚೇ ಬಿಡುತ್ತದೆ. ಅಷ್ಟನ್ನೂ ಕೊಯ್ದು ಮನೆಯೊಳಗೆ ರಾಶಿ ಹಾಕಿಕೊಂಡರೆ ಹುಳು ನಿಮ್ಮ ಜೊತೆ ಪಾಲಿಗೆ ಬರುತ್ತದೆ. ನಿಮಗೆಷ್ಟು ಬೇಕು, ಯಾರಿಗೆಷ್ಟು ಕೊಡಬೇಕು ಎಂದು ಮೊದಲೇ ನಿರ್ಧರಿಸಿ.

ಕೊಯ್ಲು ಫೆಬ್ರವರಿಯಿಂದ ಮಾರ್ಚ್. ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಇನ್ನೂ ಬಿಡಿ. ಹಣ್ಣಾದದ್ದರಲ್ಲಿ ತಿರುಳು ಕುಗ್ಗಿ ಸಿಪ್ಪೆಯಿಂದ ಬಿಟ್ಟುಕೊಂಡಿರುತ್ತದೆ. ಬೆರಳಿನಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಹಿಸುಕಿದರೆ ಸಿಪ್ಪೆ ಪಟ್ಟನೆ ಒಡೆಯುತ್ತದೆ. ಒಂದೇ ಮರದಲ್ಲಿ ಬಿಸಿಲಿನ ಕಡೆಯ ಕೊಂಬೆ ಮೊದಲು, ಒಳಗಿನದು ಆಮೇಲೆ. ಕೆಳಗೆ ಟಾರ್ಪಾಲಿನ್ ಹಾಸಿ, ಮರ ಹತ್ತುವುದು ಬಲ್ಲವರಿಂದ ಕೊಂಬೆ ಅಲುಗಿಸಿ ಬೀಳಿಸಿ, ಉಳಿದದ್ದನ್ನು ದೋಟಿಯಿಂದ ಕೊಕ್ಕೆ ಹಾಕಿ ಎಳೆಯಿರಿ. ಗಳದಿಂದ ಸಿಟ್ಟು ತೀರಿಸಿಕೊಳ್ಳುವಂತೆ ಬಡಿದರೆ ಹಣ್ಣಿನ ಜೊತೆ ಮುಂದಿನ ಚಿಗುರಿನ ಕಡ್ಡಿಗಳೂ ಮುರಿಯುತ್ತವೆ, ಬರುವ ವರ್ಷದ ಹೂವೂ ಅಷ್ಟು ಕಡಿಮೆ. ಎಳೆ ವಯಸ್ಸಿನ ಹುಡುಗರನ್ನು ಹತ್ತಿಸಬೇಡಿ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ.

ಈ ಸೀಮೆಯ ಒಂದು ಪೇಚು ಇಲ್ಲಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಬೆಳೆಗಾರರು ಹೂಮಳೆಗಾಗಿ ಮುಗಿಲು ನೋಡುತ್ತಿರುತ್ತಾರೆ. ಅದೇ ಮಳೆ ಕಣದಲ್ಲಿ ಹರಡಿದ ಹುಣಸೆಗೆ ಬಿದ್ದರೆ ಫಸಲು ಹಾಳು. ರೇವತಿ ಮಳೆ, ಅಶ್ವಿನಿ ಮಳೆ ಅನ್ನುವಷ್ಟರಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಬಂದಿರುತ್ತದೆ. ಆದ್ದರಿಂದ ಒಮ್ಮೆಗೆ ಇಡೀ ಮರ ಬಡಿಯಬೇಡಿ. ಮೂರು ನಾಲ್ಕು ದಿನದ ಬಿಸಿಲಿಗೆ ಹಾಕಿ ಮುಗಿಸಬಹುದಾದಷ್ಟು ಮಾತ್ರ. ಸಂಜೆ ಕಡ್ಡಾಯವಾಗಿ ಗುಡ್ಡೆ ಮಾಡಿ ಮುಚ್ಚಿ, ಮೋಡ ಇಲ್ಲದಿದ್ದರೂ. ಸಕ್ಕರೆ ಅಂಶ ಹೆಚ್ಚಿರುವ ತಿರುಳು ರಾತ್ರಿಯ ತೇವವನ್ನು ಹೀರಿಕೊಳ್ಳುತ್ತದೆ.

ಸಿಪ್ಪೆ ಸಹಿತ ಮೂರು ನಾಲ್ಕು ದಿನ ಒಣಗಿದ ಹಣ್ಣನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಸಿಪ್ಪೆ ಚೂರಾಗಿ ಉದುರುತ್ತದೆ. ತೊಟ್ಟಿನ ಕಡೆ ಹಿಡಿದು ಎಳೆದರೆ ಬೆನ್ನಿನುದ್ದಕ್ಕೂ ಇರುವ ನಾರು ಒಟ್ಟಿಗೇ ಕೈಗೆ ಬರುತ್ತದೆ. ಬರದಿದ್ದರೆ ಇನ್ನೊಂದು ಬಿಸಿಲು ಬೇಕು ಎಂದರ್ಥ. ಆಮೇಲೆ ಬೀಜ. ಅರಸೀಕೆರೆ, ಕಡೂರಿನ ಹಳ್ಳಿಗಳ ಜಗುಲಿಯಲ್ಲಿ ಹೆಂಗಸರು ಗುಂಪಾಗಿ ಕೂತು ಮಾಡುವ ಈ ಕೆಲಸ ನೋಡಲು ಸುಲಭ: ಹಣ್ಣನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ಬೀಜದ ಬೆನ್ನಿಗೆ ಸರಿಯಾಗಿ ಒಂದು ಪೆಟ್ಟು, ತಿರುಳು ಸೀಳುತ್ತದೆ, ಹೆಬ್ಬೆರಳಿನಿಂದ ಬೀಜ ಆಚೆಗೆ. ಪೆಟ್ಟು ಜೋರಾದರೆ ಬೀಜ ಒಡೆದು ತಿರುಳಿನಲ್ಲಿ ಉಳಿಯುತ್ತದೆ, ಮೆತ್ತಗಾದರೆ ತಿರುಳು ಬೀಜಕ್ಕೇ ಅಂಟಿ ಹೋಗುತ್ತದೆ. ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಅಂಟು ಕಡಿಮೆ. ಉಗುರಿನ ಸಂದಿಯಲ್ಲಿ ಗಾಯ ಇದ್ದವರು ಆ ದಿನ ಬೇರೆ ಕೆಲಸ ನೋಡಿಕೊಳ್ಳುವುದು ವಾಸಿ.

ಬೀಜ ತೆಗೆಯುವುದು ಚಂದಕ್ಕಲ್ಲ. ಹುಣಸೆಯ ದುಂಬಿ ಮರದಲ್ಲಿರುವಾಗಲೇ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಹುಳು ಒಳಗೆ ಕೊರೆದು ಬೀಜ ತಿಂದು ಬೆಳೆಯುತ್ತದೆ, ಚೀಲದಲ್ಲಿ ಸಂತಾನ ಮುಂದುವರಿಸುತ್ತದೆ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ದುಂಡು ತೂತು ಕಂಡ ಹಣ್ಣನ್ನು ಬೇರೆ ಇಡಿ. ಬೀಜ ಹೋದರೆ ಹುಳುವಿನ ಊಟ ಹೋಯಿತು.

ಬೀಜ ತೆಗೆದ ತಿರುಳಿಗೆ ಮತ್ತೆರಡು ಬಿಸಿಲು. ಒಂದು ಕೆಜಿಗೆ 50ರಿಂದ 100 ಗ್ರಾಂ ಕಲ್ಲುಪ್ಪು. ಬಯಲಿನವರಿಗೆ ಕಡಿಮೆ ಸಾಕು, ಚಿಕ್ಕಮಗಳೂರು ನಗರದ ಕಡೆಯ ತೇವಕ್ಕೆ ಪೂರ್ತಿ ನೂರು ಹಾಕಿ. ಪಿಂಗಾಣಿ ಜಾಡಿ ಅಥವಾ ಮಣ್ಣಿನ ಗಡಿಗೆಯಲ್ಲಿ ಉಪ್ಪಿನ ಪದರ, ಹುಣಸೆ ಪದರ ಹೀಗೆ ಹಾಕುತ್ತಾ ಪ್ರತಿ ಪದರವನ್ನೂ ಮುಷ್ಟಿಯಿಂದ ಅದುಮಿ. ನಡುವೆ ಗಾಳಿ ಉಳಿಯಬಾರದು, ಗಾಳಿ ಉಳಿದ ಕಡೆ ಬೇಗ ಕಪ್ಪಾಗುತ್ತದೆ. ಮೇಲೆ ಉಪ್ಪಿನ ದಪ್ಪ ಪದರ, ಬಟ್ಟೆ, ಮುಚ್ಚಳ. ಅಲ್ಯುಮಿನಿಯಂ ಡಬ್ಬಿಯಾಗಲಿ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಾಗಲಿ ಬೇಡ. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹವನ್ನು ಕರಗಿಸಿ ಹಣ್ಣಿಗೆ ಸೇರಿಸುತ್ತದೆ. ಹಿತ್ತಾಳೆ ಬಿಂದಿಗೆ ಉಜ್ಜಿದಾಗ ಹೊಳೆಯುವುದೂ ಇದೇ ಆಮ್ಲ ಮೇಲಿನ ಕಿಲುಬನ್ನು ಕರಗಿಸುವುದರಿಂದ. ಉಜ್ಜಲು ಹೊಸ ಹುಣಸೆ ಖರ್ಚು ಮಾಡಬೇಡಿ, ಸಾರಿಗೆ ಕಿವುಚಿ ಉಳಿದ ಹಿಪ್ಪೆಗೆ ಉಪ್ಪು ಬೆರೆಸಿದರೆ ಸಾಕು.

ಮಳೆಗಾಲದಲ್ಲಿ ಜಾಡಿ ಒಲೆಯ ಮೇಲಿನ ಅಟ್ಟದಲ್ಲಿರಲಿ. ಗ್ಯಾಸ್ ಒಲೆಯ ಮನೆಯವರು ಒಂದು ಭಾಗವನ್ನು ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಫ್ರಿಡ್ಜ್‌ನಲ್ಲಿಡಿ, ಕೆಂಗಂದು ಬಣ್ಣ ವರ್ಷವಾದರೂ ಅಷ್ಟಾಗಿ ಕೆಡುವುದಿಲ್ಲ. ಹೊರಗಿನದು ಕಪ್ಪಾದರೆ ಗಾಬರಿ ಬೇಡ, ಅದು ಹಳತಾಗುವ ಬಣ್ಣ. ಬಿಳಿ, ಹಸಿರು ಬೂಷ್ಟು ಕಂಡರೆ ಆ ಭಾಗವನ್ನು ಸುತ್ತಲಿನದರ ಸಮೇತ ಎಸೆಯಿರಿ. ದೀಪಾವಳಿಯ ನಂತರದ ಬಿಸಿಲಿಗೆ ಉಳಿದದ್ದನ್ನು ಒಮ್ಮೆ ತೋರಿಸಿ.

ಒಲೆಯ ಮೇಲೆ

ಸಾರಿಗೆ ನೆಲ್ಲಿಕಾಯಿ ಗಾತ್ರ, ಗೊಜ್ಜಿಗೆ ನಿಂಬೆ ಗಾತ್ರ ಎಂಬ ಅಳತೆ ಅಂಗಡಿ ಹುಣಸೆಗೆ ಹೊಂದಿದ್ದು. ಮನೆಯ ಹೊಸ ಹಣ್ಣು ಸಾಮಾನ್ಯವಾಗಿ ಹೆಚ್ಚೇ ಹುಳಿ ಇರುತ್ತದೆ, ಮುಕ್ಕಾಲು ಪಾಲಿನಿಂದ ಶುರುಮಾಡಿ. ಜಾಡಿಯದಕ್ಕೆ ಉಪ್ಪು ಸೇರಿರುವುದನ್ನು ಮರೆತರೆ ಸಾರು ಉಪ್ಪಾಗುತ್ತದೆ.

ಪುಳಿಯೋಗರೆ ಗೊಜ್ಜು ಮಾಡಿಟ್ಟರೆ ಹುಣಸೆಗೆ ಇನ್ನೊಂದು ಶೇಖರಣೆಯ ದಾರಿ. 200 ಗ್ರಾಂ ಹುಣಸೆಯನ್ನು ಮೂರು ಲೋಟ ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೋಸಿ. ಅರ್ಧ ಲೋಟ ಎಳ್ಳೆಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವು ಸಿಡಿಸಿ ರಸ, ಅರಿಶಿನ, ಉಪ್ಪು, 100 ಗ್ರಾಂ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಗುಳ್ಳೆ ದೊಡ್ಡದಾಗಿ ನಿಧಾನಕ್ಕೆ ಒಡೆಯತೊಡಗಿ, ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಮಾತ್ರ ಹುರಿದ ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ, ಮೆಣಸು, ಎಳ್ಳಿನ ಪುಡಿ ಬೆರೆಸಿ ಇಳಿಸಿ. ಪುಡಿ ಮೊದಲೇ ಹಾಕಿ ಕುದಿಸಿದರೆ ತಳ ಹಿಡಿಯುತ್ತದೆ, ಮೆಂತ್ಯ ಕಹಿಯಾಗುತ್ತದೆ.

ಮಕ್ಕಳಿಗೆ ಚಿಗಳಿ: ಕಾಲು ಕೆಜಿ ಬೀಜ ತೆಗೆದ ಹುಣಸೆ, 200 ಗ್ರಾಂ ಬೆಲ್ಲ, ಎರಡು ಚಮಚ ಹುರಿದ ಜೀರಿಗೆ, ಉಪ್ಪು, ಎರಡು ಒಣಮೆಣಸಿನಕಾಯಿ ಒರಳಿನಲ್ಲಿ ಕುಟ್ಟಿ, ಉಂಡೆ ಕಟ್ಟಿ, ತೆಂಗಿನ ಕಡ್ಡಿಗೆ ಚುಚ್ಚಿ. ಮಿಕ್ಸಿಯಲ್ಲಿ ಮಾಡಿದ್ದು ಚಟ್ನಿಯಾಗುತ್ತದೆ, ಚಿಗಳಿಯಾಗುವುದಿಲ್ಲ.

ಹೆಚ್ಚಾದದ್ದು

ಮರ ದೊಡ್ಡದಾದ ಮೇಲೆ ಗುತ್ತಿಗೆಯವರು ಬಂದು ಮರದ ಮೇಲಿರುವಾಗಲೇ ಫಸಲಿಗೆ ಬೆಲೆ ಕಟ್ಟುತ್ತಾರೆ. ಕೊಡುವುದು ತಪ್ಪಲ್ಲ, ಬಡಿಯುವ ಕಷ್ಟ ಅವರದಾಗುತ್ತದೆ. ಆದರೆ ಕಾಯಿ ಹಸಿರಿರುವಾಗ ಒಪ್ಪಬೇಡಿ, ಕೊಂಬೆ ಕಡಿಯುವಂತಿಲ್ಲ ಎಂದು ಮೊದಲೇ ಮಾತಾಡಿ, ಮನೆಗೆ ಬೇಕಾದಷ್ಟು ಹಣ್ಣನ್ನು ಬೆಲೆಗೆ ಸೇರಿಸದೆ ಉಳಿಸಿಕೊಳ್ಳಿ. ಅಂದಿನ ಧಾರಣೆ ತಿಳಿಯಲು ತುಮಕೂರು ಎಪಿಎಂಸಿಯ ದರ ನೋಡಿ. ಹುಣಸೆಗೆ ಅದು ದೊಡ್ಡ ಮಾರುಕಟ್ಟೆ. ಬೀಜ ತೆಗೆದ ಹಣ್ಣಿಗೂ ಬೀಜ ಸಹಿತದ್ದಕ್ಕೂ ದರ ಬೇರೆ ಬೇರೆ, ಹೋಲಿಸುವಾಗ ಜೋಕೆ.

ಬೀಜವನ್ನೂ ಮಾರಬಹುದು. ಹುರಿದು ಸಿಪ್ಪೆ ತೆಗೆದು ಬೀಸಿದ ಹಿಟ್ಟಿನ ಅಂಟನ್ನು ಬಟ್ಟೆ ಗಿರಣಿಗಳು ನೂಲಿಗೆ ಗಂಜಿಯಾಗಿ ಬಳಸುತ್ತವೆ. ಕಂಬಳಿ ನೇಯುವವರು ಇದೇ ಬೀಜದ ಸರಿಯನ್ನು ಕಂಬಳಿಗೆ ಬಳಿದು ಬಿಗಿ ಕೊಡುತ್ತಾರೆ. ಮನೆಮಟ್ಟಿಗೆ ಒಂದೆರಡು ಸೇರು ಬೀಜ ಇಟ್ಟುಕೊಂಡು ಉಳಿದದ್ದನ್ನು ಗುತ್ತಿಗೆಯವರಿಗೇ ಹಾಕಿ. ಸಿಪ್ಪೆ ಮತ್ತು ನಾರು ಒಲೆಗೆ ಚೆನ್ನಾಗಿ ಉರಿಯುತ್ತವೆ, ಗೊಬ್ಬರದ ಗುಂಡಿಗೂ ಹೋಗಬಹುದು. ಮುರಿದು ಬಿದ್ದ ದಪ್ಪ ಕೊಂಬೆ ಇದ್ದರೆ ಸೌದೆಗೆ ಕಡಿಯುವ ಮೊದಲು ಊರಿನ ಮಾಂಸದಂಗಡಿಯವರನ್ನು ಕೇಳಿ ನೋಡಿ. ಕೊಚ್ಚುವ ಕೊರಡಿಗೆ ಅವರು ಹುಣಸೆಯನ್ನೇ ಹುಡುಕುತ್ತಿರುತ್ತಾರೆ, ಸೌದೆಗಿಂತ ಒಳ್ಳೆಯ ಬೆಲೆ ಕೊಡುತ್ತಾರೆ.